ಟಕ್ ಎನ್ನದ ಬಿಸ್ಕತ್ತು

ನಿವೃತ್ತರಾದ ಮೇಲೆ ಟಕ್ ಸಾಹೇಬರ ಪಾಲಿಗೆ ಲೋಕದ ಬಿಸ್ಕತ್ತುಗಳೆಲ್ಲ ಒಂದೊಂದಾಗಿ ಮೆತ್ತಗಾಗತೊಡಗಿದವು.

ಅಂಗಡಿಯಿಂದ ಯಾವ ಪೊಟ್ಟಣ ತಂದರೂ ಅಷ್ಟೇ. ಒಂದನ್ನು ತೆಗೆದು ಬಲಗಿವಿಯ ಪಕ್ಕಕ್ಕೆ ಹಿಡಿದು, ಕಣ್ಣು ಮುಚ್ಚಿ, ಎರಡು ಹೆಬ್ಬೆರಳುಗಳಿಂದ ಒತ್ತಿ ಮುರಿಯುವರು. ಆಮೇಲೆ ಕಣ್ಣು ತೆರೆದು, ಆಪರೇಷನ್ ಕೋಣೆಯಿಂದ ಹೊರಬಂದ ಡಾಕ್ಟರ ದನಿಯಲ್ಲಿ, "ಮೆತ್ತಗಾಗಿದೆ" ಎನ್ನುವರು. ಅಂಗಡಿಯವನು ಮೊದಮೊದಲು ಪೊಟ್ಟಣ ಬದಲಿಸಿಕೊಟ್ಟ. ಆಮೇಲೆ ಅಂಗಡಿಯನ್ನೇ ಬದಲಿಸಿ ಎಂದು ಕೈಮುಗಿದ.

ಬಿಸ್ಕತ್ತಿನ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಅವರು ಕೂದಲು ಕಪ್ಪಗಿದ್ದಾಗ ಕೂತವರು, ಕೂದಲು ಉದುರಿದ ಮೇಲೆ ಎದ್ದವರು. ಓವನ್ನಿನಿಂದ ಇಳಿದ ಮಾಲಿನಲ್ಲಿ ಒಂದು ಹಿಡಿ ಅವರ ಮೇಜಿಗೆ ಬರುತ್ತಿತ್ತು. ಟಕ್ ಎಂದರೆ ಪಾಸು. ಟುಕ್ ಎಂದರೆ ಇನ್ನೊಂದು ಮುರಿದು ನೋಡಬೇಕು. ಏನೂ ಅನ್ನದಿದ್ದರೆ ಇಡೀ ಮಾಲು ದನದ ಮೇವಿನವನ ಲಾರಿಗೆ. ಗರಿಗರಿತನ ಅಳೆಯಲು ಆಡಳಿತದವರು ಒಮ್ಮೆ ಯಂತ್ರವೊಂದನ್ನು ತರಿಸಿದ್ದರು. ಅದಕ್ಕೂ ಟಕ್ ಸಾಹೇಬರಿಗೂ ಅಭಿಪ್ರಾಯಭೇದ ಬಂದಾಗಲೆಲ್ಲ ಯಂತ್ರವನ್ನು ರಿಪೇರಿಗೆ ಕಳಿಸುತ್ತಿದ್ದರು. ಕೊನೆಗೆ ಅದರ ಮೇಲೊಂದು ಬಟ್ಟೆ ಹೊದಿಸಿ, ಆ ಬಟ್ಟೆಯ ಮೇಲೆ ಸಾಹೇಬರ ಊಟದ ಡಬ್ಬಿ ಇಡುವುದೆಂದಾಯಿತು.

ಇಂಥ ಕಿವಿಗೆ ಕಾರ್ಖಾನೆ ಕೊಟ್ಟ ಜಾಗ ಮಾತ್ರ ವಿಚಿತ್ರವಾಗಿತ್ತು. ಪರೀಕ್ಷಾ ಕೊಠಡಿಯ ಗೋಡೆಯ ಆಚೆಗೇ ತಗಡಿನ ಡಬ್ಬಿಗಳಿಗೆ ಮುಚ್ಚಳ ಬಡಿಯುವ ಯಂತ್ರವಿತ್ತು. ಅದು ಶುರುವಾದರೆ ಮೇಜಿನ ಮೇಲಿನ ಪೆನ್ನು ತಾನಾಗಿ ನಡೆದು ಅಂಚಿನಿಂದ ಕೆಳಗೆ ಹಾರುತ್ತಿತ್ತು. ಎಲ್ಲಕ್ಕಿಂತ ಸಣ್ಣ ಸದ್ದು ಕೇಳಬೇಕಾದವರನ್ನು ಎಲ್ಲಕ್ಕಿಂತ ದೊಡ್ಡ ಸದ್ದಿನ ಪಕ್ಕ ಏಕೆ ಕೂರಿಸಿದ್ದೀರಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಆ ಗದ್ದಲದಲ್ಲಿ ಉತ್ತರ ಸಿಗುತ್ತಿರಲಿಲ್ಲ.

ಹಾಗಾಗಿ ಟಕ್ ಸಾಹೇಬರ ಕಿವಿ ಹೋಗಿತ್ತು. ಪೂರ್ತಿಯಲ್ಲ. ಲಾರಿಯ ಹಾರ್ನು, ಬಾಗಿಲು ಬಡಿದದ್ದು, ಎದುರು ಕೂತವರ ಮಾತು, ಹೆಂಡತಿಯ ಸಿಟ್ಟು ಇವೆಲ್ಲ ಕೇಳಿಸುತ್ತಿದ್ದವು. ಕಾಲಿಂಗ್ ಬೆಲ್ಲು, ಚಮಚ ನೆಲಕ್ಕೆ ಬಿದ್ದದ್ದು, ಬಿಸ್ಕತ್ತು ಮುರಿದದ್ದು, ಇಂಥ ತೆಳ್ಳನೆಯ ಸದ್ದುಗಳು ಹೇಳದೆ ಕೇಳದೆ ಒಂದೊಂದಾಗಿ ಮನೆ ಬಿಟ್ಟು ಹೋಗಿದ್ದವು. ಇದು ಅವರಿಗೆ ಗೊತ್ತಿತ್ತು. ತಮಗೆ ಗೊತ್ತಿದೆ ಎಂಬುದು ಬೇರೆಯವರಿಗೆ ಗೊತ್ತಿಲ್ಲ ಎಂದೂ ಅವರು ನಂಬಿದ್ದರು.

"ಒಂದ್ಸಲ ಕಿವಿ ಡಾಕ್ಟರ ಹತ್ರ ಹೋಗಿ ಬರೋಣ ಬನ್ರೀ," ಎಂದು ಹೆಂಡತಿ ವರ್ಷದಿಂದ ಹೇಳುತ್ತಿದ್ದರು.

"ನಂಗೆ ಕಿವಿ ಇಲ್ಲ ಅನ್ನೋದೂ ಒಂದೇ, ನಿಂಗೆ ಬಾಯಿ ಇಲ್ಲ ಅನ್ನೋದೂ ಒಂದೇ. ಯಾರಾದ್ರೂ ನಂಬ್ತಾರಾ?"

ಮೆತ್ತಗಾಗಿದೆ ಎಂಬ ಈ ತೀರ್ಪು ಮನೆಯೊಳಗೇ ಉಳಿದಿದ್ದರೆ ಯಾರ ಹಲ್ಲಿಗೂ ತೊಂದರೆ ಇರಲಿಲ್ಲ. ಆದರೆ ಸಾಹೇಬರಿಗೊಬ್ಬ ಶಿಷ್ಯನಿದ್ದ. ಅದೇ ಕೊಠಡಿಯಲ್ಲಿ, ಅದೇ ಗೋಡೆಗೆ ಇನ್ನೂ ಹತ್ತಿರದ ಕುರ್ಚಿಯಲ್ಲಿ ಕೂತು ಬೆಳೆದವನು. ಈಗ ಅವನೇ ಅಲ್ಲಿಯ ಮುಖ್ಯಸ್ಥ. ಕಾರ್ಖಾನೆಯಲ್ಲಿ ಅವನನ್ನು ಮರಿಟಕ್ ಎನ್ನುತ್ತಿದ್ದರು, ಮರಿಗೆ ಐವತ್ತು ದಾಟಿದ್ದರೂ. ಪ್ರತಿ ತಿಂಗಳೂ ಒಂದು ಭಾನುವಾರ ಹೊಸ ಮಾಲಿನ ಪೊಟ್ಟಣ ಹಿಡಿದು ಬರುತ್ತಿದ್ದ. ಗುರುಗಳು ಮುರಿದು, "ಮೆತ್ತಗಿದೆ ಕಣಯ್ಯ" ಎನ್ನುವರು. ಶಿಷ್ಯನೂ ತನ್ನ ಕಿವಿಯ ಹತ್ತಿರ ಹಿಡಿದು ಮುರಿದು, ಸ್ವಲ್ಪ ಯೋಚಿಸಿ, "ಹೌದು ಸಾರ್, ನಂಗೂ ಹಾಗೇ ಅನ್ನಿಸ್ತು" ಎನ್ನುವನು. ಮಾರನೆಯ ದಿನ ಕಾರ್ಖಾನೆಯಲ್ಲಿ ಓವನ್ನಿನ ಹೊತ್ತು ಇನ್ನಷ್ಟು ಹೆಚ್ಚುತ್ತಿತ್ತು.

ಹೀಗೆ ಒಂದು ವರ್ಷ ಬೆಂದ ಬಿಸ್ಕತ್ತು ಬಿಸ್ಕತ್ತಾಗಿ ಉಳಿದಿರಲಿಲ್ಲ. ಜನ ಅದನ್ನು ಚಹಾದಲ್ಲಿ ಅದ್ದಿ, ಪೇಪರ್ ಓದಿ ಮುಗಿಸಿ, ಆಮೇಲೆ ತೆಗೆದು ತಿನ್ನುತ್ತಿದ್ದರು. ಬೀದಿಯ ಕೊನೆಯ ಹಲ್ಲಿನ ಡಾಕ್ಟರು ಇನ್ನೊಂದು ಕುರ್ಚಿ ಹಾಕಿಸಿದರು. ಸಾಹೇಬರ ಸೊಸೆಯ ದವಡೆಯ ಹಲ್ಲೊಂದರ ಮೂಲೆ ಹಾರಿದ್ದೂ ಮಾವನವರ ಪ್ರಸಿದ್ಧ ಕಿವಿಯ ಕೃಪೆಯಿಂದಲೇ.

ಈ ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಂಡ ರೈಲು ಓಡಿಸುವವನು, ವಾರದ ಬಹುಪಾಲು ಹಳಿಯ ಮೇಲೆ. ಆದ್ದರಿಂದ ಮನೆಯಲ್ಲಿ ಮಾವ, ಅತ್ತೆ, ಅವಳು ಮೂವರೇ. ಆ ಶನಿವಾರ ಬೆಳಿಗ್ಗೆ ಶಿಷ್ಯನ ಫೋನ್ ಬಂದಾಗ ಸ್ಪೀಕರ್ ಒತ್ತಿ ಮಾವನಿಗೆ ಹಿಡಿದವಳೂ ಅವಳೇ.

"ಸಾರ್, ನಾಳೆ ಎರಡು ಪೊಟ್ಟಣ ತರ್ತೀನಿ," ಎಂದು ಶಿಷ್ಯ ಕಿರುಚಿದ. ಅವನು ಫೋನಿನಲ್ಲಿ ಯಾವಾಗಲೂ ಕಿರುಚುತ್ತಿದ್ದ. "ಒಂದು ಹಳೇ ಹದದ್ದು, ಒಂದು ಹೊಸಾ ಹದದ್ದು. ಯಾವುದು ಸರಿ ಅಂತ ನೀವು ಹೇಳಿದ್ರೆ ಅದನ್ನೇ ಖಾಯಂ ಮಾಡ್ತಾರಂತೆ. ದೊಡ್ಡೋರೇ ಹೇಳಿದ್ದಾರೆ, ಟಕ್ ಸಾಹೇಬರ ಕಿವಿ ಏನನ್ನತ್ತೋ ಅದೇ ಕೊನೆ ಅಂತ."

ಫೋನ್ ಇಟ್ಟಮೇಲೆ ಸಾಹೇಬರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಒಂದೇ ಪೊಟ್ಟಣವಾದರೆ ಮೆತ್ತಗಿದೆ ಎಂದುಬಿಡಬಹುದಿತ್ತು. ಎರಡರಲ್ಲಿ ಒಂದನ್ನು ಆರಿಸು ಎಂದರೆ ಕಿವಿಯೇ ಬೇಕು.

"ಅವನಿಗೆ ಬರೋದು ಬೇಡ ಅಂತ ಹೇಳಿಬಿಡ್ಲಾ?" ಎಂದರು ಕೊನೆಗೆ.

"ಯಾಕೆ ಮಾವ?"

"ಯಾಕೋ ಗಂಟಲು ಕಟ್ಟಿದೆ."

"ಮುರಿಯೋದಕ್ಕೆ ಗಂಟಲು ಬೇಕಾ?"

ಸೊಸೆ ಮಾತು ಬದಲಿಸಿದಳು. "ಬರೋರು ಬರ್ಲಿ ಬಿಡಿ. ನಾನೇ ಕುಕೀಸ್ ಮಾಡ್ತೀನಿ. ಓಟ್ಸ್ ಹಾಕಿ, ಮೇಪಲ್ ಮರದ ಸಿರಪ್ ಹಾಕಿ. ಬಾಟಲಿ ತಂದಿಟ್ಟು ಎಷ್ಟು ದಿನ ಆಯ್ತು."

"ಟಕ್ ಅನ್ನತ್ತೋ?"

"ಅನ್ನಲ್ಲ. ಮೆತ್ತಗಿರತ್ತೆ. ಅಗಿಯೋವಾಗ ಸ್ವಲ್ಪ ಅಂಟಂಟು. ಅದು ಇರಬೇಕಾದ್ದೇ ಹಾಗೆ."

"ಇರಬೇಕಾದ್ದೇ ಹಾಗೆ!" ಸಾಹೇಬರು ಗಂಟಲು ಕಟ್ಟಿದ್ದನ್ನು ಮರೆತರು. "ಅಲ್ಲಮ್ಮಾ, ಇಂಥದ್ದನ್ನ ನಾವು ಮೇವಿನ ಲಾರಿಗೆ ತುಂಬ್ತಿದ್ವಿ. ನೀನು ನೋಡಿದ್ರೆ ತಟ್ಟೇಲಿಟ್ಟು ಕೊಡ್ತೀನಿ ಅಂತೀಯಲ್ಲ!"

"ಆ ದನಗಳೇ ಪುಣ್ಯ ಮಾಡಿದ್ದು," ಎಂದರು ಒಳಗಿನಿಂದ ಅತ್ತೆ. "ಹಲ್ಲಾದ್ರೂ ಉಳೀತು."

ಮಧ್ಯಾಹ್ನ ಅಡುಗೆಮನೆಯಲ್ಲಿ ಕೆಲಸ ಶುರುವಾಯಿತು. ಸೊಸೆ ಮೆತ್ತಗಾದ ಬೆಣ್ಣೆಗೆ ಕಂದು ಸಕ್ಕರೆ ಹಾಕಿ ಚೆನ್ನಾಗಿ ಕಡೆದಳು, ಒಂದು ಮೊಟ್ಟೆ ಒಡೆದು ಹಾಕಿದಳು, ಬಾಟಲಿ ಬಗ್ಗಿಸಿ ಸಿರಪ್ ಸುರಿದಳು. ಅದು ಅವಸರವಿಲ್ಲದೆ, ಹೊಸ ಮದುಮಗಳಂತೆ ತಲೆ ತಗ್ಗಿಸಿಕೊಂಡು ಇಳಿಯಿತು. ಆಮೇಲೆ ಮೈದಾ, ಚಿಟಿಕೆ ಉಪ್ಪು, ಸೋಡಾ, ಕೊನೆಗೆ ಓಟ್ಸ್. ಕಲಸಿದ್ದನ್ನು ಫ್ರಿಜ್ಜಿನಲ್ಲಿಟ್ಟಳು. ಟಕ್ ಸಾಹೇಬರು ಬಾಗಿಲಲ್ಲಿ ನಿಂತು, ಬೇರೆ ಕಾರ್ಖಾನೆಯ ಕಳ್ಳತನ ಹಿಡಿಯಲು ಬಂದವರಂತೆ ನೋಡುತ್ತಿದ್ದರು.

"ತಣ್ಣಗೆ ಯಾಕಿಡೋದು?"

"ಇಲ್ದಿದ್ರೆ ಓವನ್ನಲ್ಲಿ ಹರಡಿ ಒಂದೇ ರೊಟ್ಟಿ ಆಗತ್ತೆ ಮಾವ."

"ಮತ್ತೆ ಯಾವಾಗ ತೆಗೀತೀಯ?"

"ಅಂಚು ಕೆಂಪಾಗಿ, ನಡು ಇನ್ನೂ ಹಸಿ ಅನ್ನಿಸೋವಾಗಲೇ. ಮಿಕ್ಕಿದ್ದು ತಟ್ಟೆ ಬಿಸೀಲೇ ಬೇಯತ್ತೆ."

"ಬೇಯೋಕೆ ಮುಂಚೆ ತೆಗೀಬೇಕಂತೆ," ಎಂದು ಸಾಹೇಬರು ಗೋಡೆಗೆ ದೂರು ಕೊಟ್ಟರು.

ಉಂಡೆ ಕಟ್ಟಿ, ಒಂದಕ್ಕೊಂದು ತಾಕದಂತೆ ತಟ್ಟೆಯಲ್ಲಿ ಜೋಡಿಸಿ ಓವನ್ನಿಗೆ ಇಟ್ಟದ್ದೇ ಹೊರಗೆ ಗಾಳಿ ಎದ್ದಿತು. ಮಹಡಿಯ ಮೇಲೆ ಬಟ್ಟೆ ಒಣಹಾಕಿತ್ತು. ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಸೊಸೆ ಮಾವನಿಗೊಂದು ಸ್ಟೂಲು ಹಾಕಿದಳು. "ಈ ಓವನ್ ಬೆಲ್ ಹೊಡೆಯತ್ತೆ ಅಷ್ಟೇ, ತಾನಾಗಿ ಆರಲ್ಲ. ಟಿಣ್ ಅಂದ ತಕ್ಷಣ ಆರಿಸಿ, ತಟ್ಟೆ ಹೊರಗೆ ತೆಗೆದುಬಿಡಿ. ಆಯ್ತಾ?"

"ಓವನ್ ಹೇಗೆ ನೋಡ್ಬೇಕು ಅಂತ ನಂಗೇ ಹೇಳಿಕೊಡ್ತೀಯಾ," ಎಂದು ಸಾಹೇಬರು ಸ್ಟೂಲಿನ ಮೇಲೆ ನೆಟ್ಟಗೆ ಕೂತರು.

ಮಹಡಿಯ ಮೆಟ್ಟಿಲಲ್ಲಿ, ಎದೆಯ ತುಂಬ ಬಟ್ಟೆ ಅವುಚಿಕೊಂಡು ಇಳಿಯುತ್ತಿದ್ದಾಗ ಅವಳಿಗೆ ಟಿಣ್ ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಮಾವ ನೋಡಿಕೊಳ್ಳುತ್ತಾರೆಂದು ಅವಳು ಸಾವಕಾಶವಾಗಿ ಬಟ್ಟೆ ಮಡಿಸಿಟ್ಟಳು, ದಿಂಬಿನ ಕವರು ಹುಡುಕಿದಳು. ಆಮೇಲೆ ಮೂಗಿಗೆ ಸಕ್ಕರೆ ಸೀದ ವಾಸನೆ ಬಡಿಯಿತು.

ಅಡುಗೆಮನೆಯ ಬಾಗಿಲಿಗೆ ಬಂದಾಗ ಸಾಹೇಬರು ತಟ್ಟೆಯನ್ನು ಆಗತಾನೇ ತೆಗೆದು ಕಟ್ಟೆಯ ಮೇಲಿಟ್ಟು, ಗೆದ್ದವರಂತೆ ನಿಂತಿದ್ದರು. ಕುಕೀಗಳು ಹೂಕುಂಡದ ಬಣ್ಣಕ್ಕೆ ತಿರುಗಿದ್ದವು. ಅವಳ ಕಡೆ ಬೆನ್ನಿದ್ದುದರಿಂದ ಅವರಿಗೆ ಅವಳು ಬಂದದ್ದು ತಿಳಿಯಲಿಲ್ಲ. ಅವರು ಒಂದನ್ನು ಆರಿಸಿ, ಊದಿ, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮುರಿದರು.

ಟಕ್!

ಬಾಗಿಲಲ್ಲಿದ್ದ ಸೊಸೆಗೇ ಅದು ಕೇಳಿಸಿತು. ಇಷ್ಟು ಶುದ್ಧವಾದ ಟಕ್ಕನ್ನು ಕಾರ್ಖಾನೆಯೂ ಎಂದೂ ಬೇಯಿಸಿರಲಾರದು. ಆದರೆ ಸಾಹೇಬರು ಕಣ್ಣು ಮುಚ್ಚಿಕೊಂಡೇ ಇದ್ದರು, ತಡವಾಗಿ ಬರುವ ಬಸ್ಸಿಗೆ ಕಾದವರಂತೆ. ಆಮೇಲೆ ಇನ್ನೊಂದನ್ನು ಎತ್ತಿ ಮುರಿದರು. ಟಕ್! ಎಡಗಿವಿಗೆ ಹಿಡಿದು ಮತ್ತೊಂದು. ಟಕ್! ಹೀಗೆ ತಟ್ಟೆಯ ಕುಕೀಗಳೆಲ್ಲ ಮುರಿದು ಚೂರಾದ ಮೇಲೆ ಕೈ ಕೆಳಗೆ ಬಿಟ್ಟರು. ಸೊಸೆ ಹೆಜ್ಜೆ ಹಿಂದಿಟ್ಟು, ಕೋಣೆಗೆ ಹೋಗಿ, ಈಗತಾನೇ ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದಳು.

ಸ್ವಲ್ಪ ಹೊತ್ತಿಗೆ ಸಾಹೇಬರೇ ಬಂದರು. "ನಿನ್ನ ಬೆಲ್ಲು ಕೆಟ್ಟಿದೆಯಮ್ಮ. ಹೊಡೀಲೇ ಇಲ್ಲ. ನಾನೇ ಬಣ್ಣ ನೋಡಿ ತೆಗೆದೆ."

"ಹೌದು ಮಾವ, ಆಗಾಗ ಕೈಕೊಡತ್ತೆ," ಎಂದಳು ಸೊಸೆ.

ಸಂಜೆ ಅತ್ತೆ ಚೂರುಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ ಸೊಸೆ ನಡೆದದ್ದನ್ನು ಹೇಳಿದಳು. ಅತ್ತೆಗೆ ಆಶ್ಚರ್ಯವೇನೂ ಆಗಲಿಲ್ಲ.

"ನಾಳೆ ಅವನ ಎದುರಿಗೆ ಸಿಕ್ಕಿಬೀಳ್ಲಿ ಅಂತ ಒಂದು ಮನಸ್ಸು ಕಣೆ. ಆಗಲಾದ್ರೂ ಡಾಕ್ಟರ ಹತ್ರ ಬರ್ತಾರೆ."

"ಇನ್ನೊಂದು ಮನಸ್ಸು?"

"ಇನ್ನೊಂದು ಮನಸ್ಸು ಇನ್ನೇನು," ಎಂದು ಅತ್ತೆ ಡಬ್ಬಿಯ ಮುಚ್ಚಳ ಒತ್ತಿದರು. "ಅವರಿಗೆ ಇರೋದು ಅದೊಂದೇ ಹೆಸರು. ಅದನ್ನ ಕಿತ್ಕೊಂಡ್ರೆ ಮನೇಲಿ ಯಾರನ್ನ ಇಟ್ಕೊಂಡು ಬೈಯ್ಲಿ ನಾನು?"

ಸೊಸೆ ನಕ್ಕಳು. "ನಮ್ಮ ಅಂಗಡಿಗೆ 'ನಂಗೆ ಕಣ್ಣು ಕಾಣಲ್ಲ' ಅಂತ ಬರೋರು ಕಮ್ಮಿ ಅತ್ತೆ. ಎಲ್ಲರೂ ಇನ್ಯಾರನ್ನೋ ಕರ್ಕೊಂಡು ಬಂದಿರೋರೇ. ಜೊತೇಲಿ ಬಂದಿದ್ದೀರಲ್ಲ, ನೀವೂ ಒಂದ್ಸಲ ನೋಡಿಸ್ಕೊಳ್ಳಿ ಅಂದ್ರೆ ಆಗ ಕೂರ್ತಾರೆ."

"ಇವರು ಯಾರನ್ನ ಕರ್ಕೊಂಡು ಹೋಗ್ಬೇಕು? ನಂಗಂತೂ ಎಲ್ಲಾ ಕೇಳಿಸತ್ತೆ. ಅದೇ ನನ್ನ ಕಷ್ಟ."

ಭಾನುವಾರ ಬೆಳಿಗ್ಗೆ ಸೊಸೆ ಎರಡನೆಯ ಸಲ ಬೇಯಿಸಿದಳು, ಈ ಸಲ ಓವನ್ನಿನ ಮುಂದೆ ತಾನೇ ಕೂತು. ಅಂಚು ಕೆಂಪಗೆ, ನಡು ಮೆತ್ತಗೆ, ಮೇಲೆ ಸಿರಪ್ಪಿನ ಸಣ್ಣ ಹೊಳಪು. ಸಾಹೇಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಜಾರದಲ್ಲಿ ಪರೀಕ್ಷೆಗೆ ಕೂತ ಹುಡುಗನಂತೆ ಮೊಣಕಾಲ ಮೇಲೆ ಕೈಯಿಟ್ಟು ಕಾಯುತ್ತಿದ್ದರು.

ಶಿಷ್ಯ ಬಂದು ಬಾಗಿಲು ಬಡಿದ. ಅವನು ಯಾವತ್ತೂ ಕಾಲಿಂಗ್ ಬೆಲ್ ಒತ್ತುತ್ತಿರಲಿಲ್ಲ. ಗುರುವಿನ ಕಿವಿಗೆ ಕೊಡುವ ಮರ್ಯಾದೆ ಇದು ಎಂದು ಮನೆಯವರು ಅಂದುಕೊಂಡಿದ್ದರು.

"ನಮಸ್ಕಾರ ಸಾರ್! ಅಮ್ಮಾ, ಚೆನ್ನಾಗಿದ್ದೀರಾ?" ಛತ್ರಿಯನ್ನು ಮೂಲೆಗಿಟ್ಟು, ಚೀಲದಿಂದ ಎರಡು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ನೀಲಿ. "ಯಾವುದು ಯಾವ ಹದ ಅಂತ ನಂಗೂ ಹೇಳಿಲ್ಲ ಸಾರ್. ಶುರು ಮಾಡೋಣ್ವಾ?"

"ಅವಸರ ಏನು," ಎಂದರು ಸಾಹೇಬರು. "ಮಳೆ ಬರೋ ಹಾಗಿದೆ. ತೇವಕ್ಕೆ ಕಿವಿ ಸರಿಯಾಗಿ ಹಿಡಿಯಲ್ಲ."

ಸೊಸೆ ಅದಕ್ಕೇ ಕಾದಿದ್ದವಳಂತೆ ಚಹಾ, ಕುಕೀಸ್ ತಂದು ನಡುವೆ ಇಟ್ಟಳು. "ಮೊದಲು ಇದು. ನಾನೇ ಮಾಡಿದ್ದು."

ಆಗ ಶಿಷ್ಯ, ಕೈಗೆ ಬಿಸ್ಕತ್ತು ಸಿಕ್ಕರೆ ಆ ಕಸುಬಿನವರು ಏನು ಮಾಡುತ್ತಾರೋ ಅದನ್ನೇ ಮಾಡಿದ. ಕಿವಿಯ ಹತ್ತಿರ ಹಿಡಿದ. ಕಣ್ಣು ಮುಚ್ಚಿದ. ಹೆಬ್ಬೆರಳಿನಿಂದ ಒತ್ತಿದ. ಕುಕೀ ಹಳೆಯ ಚಪ್ಪಲಿಯಂತೆ ಬಾಗಿತು, ಇನ್ನಷ್ಟು ಬಾಗಿತು, ಜಗ್ಗಿತು, ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಒಂದಿಷ್ಟೂ ಸದ್ದಿಲ್ಲದೆ ಎರಡಾಯಿತು.

ಶಿಷ್ಯ ಕಣ್ಣು ತೆರೆದ. ಮುಖದ ತುಂಬ ಮೆಚ್ಚುಗೆ.

"ಆಹಾ! ಟಕ್ ಅಂದ್ರೆ ಇದಪ್ಪ ಟಕ್! ಏನ್ ಕೈ ಅಮ್ಮ ನಿಮ್ಮದು!"

ಅತ್ತೆಯ ಕೈಯಲ್ಲಿದ್ದ ಲೋಟ ಬಾಯಿಗೂ ಮೇಜಿಗೂ ನಡುವೆ ನಿಂತಿತು. ಟಕ್ ಸಾಹೇಬರು ಶಿಷ್ಯನ ಕೈಯಲ್ಲಿದ್ದ ಎರಡು ತುಂಡುಗಳನ್ನೇ ನೋಡುತ್ತಿದ್ದರು. ಅವರ ಕಿವಿ ಹೋಗಿದ್ದರೂ ಕಣ್ಣು ಇನ್ನೂ ಪರೀಕ್ಷಾ ಕೊಠಡಿಯದೇ. ಹಾಗೆ ಬಾಗಿ ಜಗ್ಗಿದ ಮಾಲು ಈ ಲೋಕದಲ್ಲಿ ಟಕ್ ಎನ್ನುವುದಿಲ್ಲ.

"ಚೆನ್ನಾಗಿ ಕೇಳಿಸ್ತಾ?" ಎಂದು ಮೆಲ್ಲಗೆ ಕೇಳಿದರು.

ಶಿಷ್ಯ ಅವರ ತುಟಿಗಳನ್ನೇ ನೋಡಿದ. "ಏನ್ ಸಾರ್ ಹಾಗಂತೀರಿ? ನಿಮ್ಮ ಕೈಲಿ ಪಳಗಿದ ಕಿವಿ. ಗಂಟೆ ಹೊಡೆದ ಹಾಗಿತ್ತು!"

ಸಾಹೇಬರಿಗೆ ವರ್ಷದ ಭಾನುವಾರಗಳೆಲ್ಲ ಸಾಲಾಗಿ ನೆನಪಾದವು. ಹೌದು ಸಾರ್, ನಂಗೂ ಹಾಗೇ ಅನ್ನಿಸ್ತು. ತಮಗೆ ಕೇಳಿಸದೆ ತಾವು ಮೆತ್ತಗಿದೆ ಎಂದಿದ್ದರು. ತನಗೂ ಕೇಳಿಸದೆ ಅವನು ಹೌದೆಂದಿದ್ದ. ಇಬ್ಬರ ಮೇಲೂ ಭಾರ ಹಾಕಿ ಕಾರ್ಖಾನೆ ಬಿಸ್ಕತ್ತನ್ನು ಇಟ್ಟಿಗೆಯಂತೆ ಸುಡುತ್ತ ಹೋಗಿತ್ತು. ಅವರ ಮುಖದಲ್ಲಿ ಮೊದಲು ಗಾಬರಿ ಬಂತು. ಆಮೇಲೆ, ಬಹಳ ಕಾಲದ ಮೇಲೆ ಜೊತೆಗಾರ ಸಿಕ್ಕವರ ನೆಮ್ಮದಿ. ಅವರೂ ಒಂದು ಕುಕೀ ಎತ್ತಿ, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಎರಡು ಮಾಡಿದರು.

"ಹೌದು ಕಣಯ್ಯ," ಎಂದರು. "ನಂಗೂ ಹಾಗೇ ಕೇಳಿಸ್ತು."

ಅತ್ತೆ ಲೋಟವನ್ನು ಕೆಳಗಿಟ್ಟು ಅಡುಗೆಮನೆಗೆ ಎದ್ದುಹೋದರು. ಅಲ್ಲಿಂದ ಕೆಮ್ಮೋ ನಗುವೋ ತಿಳಿಯದ ಸದ್ದು ಬಂತು. ಹಜಾರದಲ್ಲಿ ಅದು ಕೇಳಿಸಿದ್ದು ಸೊಸೆಗೆ ಮಾತ್ರ.

"ಈ ಪೊಟ್ಟಣ ಎರಡನ್ನೂ ನನ್ನ ಸೊಸೆ ಮುರೀಲಿ," ಎಂದರು ಸಾಹೇಬರು, ದೊಡ್ಡ ಹುದ್ದೆಯನ್ನು ಹಸ್ತಾಂತರಿಸುವ ಗತ್ತಿನಲ್ಲಿ. "ನಮ್ಮ ಕಿವಿ ಪಳಗಿ ಪಳಗಿ ಅತಿ ಆಗಿದೆ. ತಿನ್ನೋ ಜನರ ಕಿವಿಗೆ ಹೇಗೆ ಕೇಳತ್ತೋ ನೋಡೋಣ."

"ಅದೇ ಸರಿ ಸಾರ್!" ಶಿಷ್ಯನ ದನಿಯಲ್ಲಿದ್ದ ಸಮಾಧಾನವನ್ನು ಕಿವುಡರೂ ಕೇಳಬಹುದಿತ್ತು.

ಸೊಸೆ ಕೆಂಪು ದಾರದ್ದನ್ನು ಮುರಿದಳು. ಟಕ್ ಎಂದಿತು. ನೀಲಿ ದಾರದ್ದು ಕೈಗೆ ಬಗ್ಗಲಿಲ್ಲ. ಮೇಜಿನ ಅಂಚಿಗಿಟ್ಟು ಅಂಗೈಯಿಂದ ಗುದ್ದಿದಾಗ ಸಿಡಿಯಿತು.

"ಏನೇ ಅದು? ಕಪ್ಪು ಒಡೆದ್ಯಾ?" ಎಂದು ಒಳಗಿನಿಂದ ಅತ್ತೆ ಕೂಗಿದರು.

"ಕೆಂಪು," ಎಂದರು ಸಾಹೇಬರು.

"ಹೌದು ಸಾರ್," ಎಂದ ಶಿಷ್ಯ. "ನಂಗೂ ಹಾಗೇ ಅನ್ನಿಸ್ತು."

ಊರಿನ ಹಲ್ಲುಗಳ ಭವಿಷ್ಯ ಹೀಗೆ ತೀರ್ಮಾನವಾಯಿತು. ಗುರುಶಿಷ್ಯರು ಮಿಕ್ಕ ಕುಕೀಗಳನ್ನು ತಿಂದು ಮುಗಿಸಿದರು.

ಹೊರಡುವಾಗ ಶಿಷ್ಯ ಗೇಟಿನ ಹತ್ತಿರ ಅತ್ತೆಯನ್ನು ಪಕ್ಕಕ್ಕೆ ಕರೆದು, ಬೀದಿಗೆಲ್ಲ ಕೇಳುವ ಗುಟ್ಟಿನ ದನಿಯಲ್ಲಿ ಹೇಳಿದ: "ಅಮ್ಮಾ, ಬೇಜಾರು ಮಾಡ್ಕೋಬೇಡಿ. ಸಾಹೇಬರಿಗೆ ಕಿವಿ ಮಂದ ಆಗಿದೆ. ಟಕ್ ಅಂತು ಅಂತ ನಾನು ಬೇಕಂತ್ಲೇ ಅಂದೆ, ಪರೀಕ್ಷೆ ಮಾಡೋಕೆ. ಅವರೂ ಹೌದು ಅಂದುಬಿಟ್ರು. ಪಾಪ, ಡಾಕ್ಟರಿಗೆ ತೋರಿಸ್ಬೇಕು. ಬೇಕಾದ್ರೆ ನಾನೇ ಜೊತೇಲಿ ಬರ್ತೀನಿ."

"ಬಾಪ್ಪ, ಖಂಡಿತ ಬಾ," ಎಂದರು ಅತ್ತೆ.

"ಸಾರ್, ಛತ್ರಿ ಬಿಟ್ಟು ಹೋಗ್ತಿದ್ದೀರಿ!" ಎಂದು ಸೊಸೆ ಹಿಂದಿನಿಂದ ಕೂಗಿದಳು. ಶಿಷ್ಯ ತಿರುಗಲಿಲ್ಲ. "ಛತ್ರಿ!" ಎಂದು ಮತ್ತೆ ಕೂಗಿದಳು. ಅವನು ತಲೆ ಎತ್ತಿಕೊಂಡು ಬೀದಿಯ ತಿರುವು ದಾಟಿದ.

ಒಳಗೆ ಸಾಹೇಬರು ಸೊಸೆಗಾಗಿ ಕಾಯುತ್ತಿದ್ದರು. "ನೋಡಮ್ಮಾ, ಹೊರಗೆ ಬಾಯಿ ಬಿಡ್ಬೇಡ. ಪಾಪ, ನಮ್ಮ ಮರಿಟಕ್ಕಿಗೆ ಕಿವಿ ಹೋಗಿದೆ. ಒಬ್ಬನೇ ಡಾಕ್ಟರ ಹತ್ರ ಹೋಗೋ ಪೈಕಿ ಅಲ್ಲ ಅವನು, ಅಭಿಮಾನಿ. ನಾನೇ ಕರ್ಕೊಂಡು ಹೋಗ್ಬೇಕು."

"ಹೋಗಿ ಬನ್ನಿ ಮಾವ," ಎಂದಳು ಸೊಸೆ. "ಹೇಗೂ ಅಲ್ಲೀವರೆಗೆ ಹೋಗಿರ್ತೀರಿ..."

"ಅದೆಲ್ಲ ಆಮೇಲೆ ನೋಡೋಣ," ಎಂದರು ಸಾಹೇಬರು. ಬೇಡ ಎನ್ನಲಿಲ್ಲ.

ಆ ವಾರವೇ ಕಿವಿ ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ ಗುರುಶಿಷ್ಯರು ಅಕ್ಕಪಕ್ಕ ಕೂತಿದ್ದರು, ಶಿಷ್ಯನ ಪಕ್ಕದಲ್ಲಿ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡ ಅತ್ತೆ. ಮೇಜಿನ ಹಿಂದಿನ ಹುಡುಗಿ, "ಪೇಷೆಂಟ್ ಯಾರು?" ಎಂದು ಕೇಳಿದಾಗ ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದ್ದರು. ಅವಳಿಗೆ ಅದು ಹೊಸದೇನಲ್ಲ. ಇಬ್ಬರಿಗೂ ಚೀಟಿ ಕೊಟ್ಟಿದ್ದಳು.

ಅತ್ತೆ ಡಬ್ಬಿ ತೆರೆದರು. ಸೊಸೆ ಬೆಳಿಗ್ಗೆ ಮಾಡಿ ಕಳಿಸಿದ ಮೇಪಲ್ ಕುಕೀಸ್. ಸಾಹೇಬರು ಒಂದನ್ನು ತೆಗೆದುಕೊಂಡರು. ಕೈ ಅಭ್ಯಾಸದಿಂದ ಕಿವಿಯ ಕಡೆಗೆ ಅರ್ಧ ಏರಿ, ಅಲ್ಲೇ ಯೋಚನೆ ಮಾಡಿ, ಬಾಯಿಯ ಕಡೆಗೆ ತಿರುಗಿತು.

"ಒಂದು ಮಾತು ಹೇಳ್ತೀನಿ ಕಣಯ್ಯ," ಎಂದರು, ನಿಧಾನವಾಗಿ ಅಗಿಯುತ್ತ. "ಈ ಮಾಲು ಯಾರ ಕಿವಿಗೂ ಅನ್ಯಾಯ ಮಾಡಲ್ಲ."

"ಪಾಸು ಮಾಡೋಣ್ವಾ ಸಾರ್?"

"ಮಾಡು."

ಒಳಬಾಗಿಲು ತೆರೆಯಿತು. ನರ್ಸ್ ತಲೆ ಹೊರಗೆ ಹಾಕಿ, ತೆಳ್ಳನೆಯ ದನಿಯಲ್ಲಿ, "ಮುಂದಿನವರು ಬನ್ನಿ" ಎಂದಳು. ಇಬ್ಬರೂ ನೆಮ್ಮದಿಯಾಗಿ ಅಗಿಯುತ್ತಿದ್ದರು. "ಮುಂದಿನವರು!" ಎಂದು ಅವಳು ಮತ್ತೆ ಕರೆದಳು. ಸಾಹೇಬರು ಇನ್ನೊಂದು ಕುಕೀಗೆ ಕೈ ಹಾಕಿದರು.

ಅತ್ತೆ ಅವರನ್ನು ಆ ತುತ್ತು ಮುಗಿಸಲು ಬಿಟ್ಟರು. ಆಮೇಲೆ ಡಬ್ಬಿ ಮುಚ್ಚಿ, ಮೊಣಕೈಯಿಂದ ಶಿಷ್ಯನನ್ನು ತಿವಿದರು. ಶಿಷ್ಯ ಗುರುವನ್ನು ತಿವಿದ.

"ನಿನ್ನನ್ನೇ ಕರೀತಿರೋದು," ಎಂದರು ಗುರುಗಳು.

"ಇಲ್ಲ ಸಾರ್, ನಿಮ್ಮನ್ನೇ."

"ನಂಗೆ ಕೇಳಿಸ್ತಲ್ಲ, ನಿನ್ನನ್ನೇ!"

"ನಂಗೂ ಕೇಳಿಸ್ತು ಸಾರ್, ನಿಮ್ಮನ್ನೇ!"

ಹೀಗೆ ಒಬ್ಬರನ್ನೊಬ್ಬರು ತೋಳು ಹಿಡಿದು ಮುಂದೆ ತಳ್ಳುತ್ತ ಇಬ್ಬರೂ ಬಾಗಿಲವರೆಗೆ ಹೋದರು. ಬಾಗಿಲು ಅಗಲವಾಗಿದ್ದುದರಿಂದ ಇಬ್ಬರೂ ಒಟ್ಟಿಗೇ ಒಳಗೆ ಹಿಡಿಸಿದರು.